ಮಗು ಕಾಣೆಯಾದಾಗ: ಸಾರ್ವಜನಿಕ ಪ್ರಕಟಣೆ ಹೊರಡುವ ಬಗೆ, ಮನೆಯವರೂ ನೆರೆಯವರೂ ಮಾಡಬೇಕಾದ ಕೆಲಸ

ಶಾಲೆ ಬಿಟ್ಟು ಎರಡು ಗಂಟೆಯಾದರೂ ಮಗು ಮನೆಗೆ ಬಂದಿಲ್ಲವೆಂದರೆ ಇಂದು ಎಷ್ಟೋ ಮನೆಗಳಲ್ಲಿ ಮೊದಲು ಆಗುವ ಕೆಲಸ, ಫೋಟೊ ಹಾಕಿ ‘ದಯವಿಟ್ಟು ಎಲ್ಲ ಗ್ರೂಪುಗಳಿಗೂ ಕಳಿಸಿ’ ಎಂದು ವಾಟ್ಸ್‌ಆಪ್‌ನಲ್ಲಿ ಹರಿಯಬಿಡುವುದು. ಪೊಲೀಸ್ ಠಾಣೆಯ ನೆನಪಾಗುವುದು ಕತ್ತಲಾದ ಮೇಲೆ. ಈ ಕ್ರಮ ತಿರುಗುಮುರುಗಾಗಬೇಕು. ಕಾಣೆಯಾದ ಮಗುವಿನ ಬಗ್ಗೆ ಹೊರಡುವ ಪ್ರಕಟಣೆಗೆ ಒಬ್ಬ ವಾರಸುದಾರ ಬೇಕು: ನಡುರಾತ್ರಿ ಯಾರಾದರೂ ಸುಳಿವು ಕೊಡಲು ಕರೆ ಮಾಡಿದರೆ ಎತ್ತಿಕೊಳ್ಳುವವರು, ಸುಳಿವು ನಿಜವೇ ಎಂದು ಆ ಜಾಗಕ್ಕೆ ಜನ ಕಳಿಸಿ ನೋಡಬಲ್ಲವರು, ಮಗು ಸಿಕ್ಕ ದಿನ ಪ್ರಕಟಣೆಯನ್ನು ಹಿಂದಕ್ಕೆ ಪಡೆಯುವವರು. ಈ ಮೂರನ್ನೂ ಮಾಡುವ ಅಧಿಕಾರ ಮತ್ತು ಹೊಣೆ ಇರುವುದು ಪೊಲೀಸ್ ಇಲಾಖೆಗೆ. ಎಫ್‌ಐಆರ್ ಇಲ್ಲದೆ ಹೊರಟ ಸಂದೇಶ ಎಷ್ಟೇ ದೂರ ಹೋದರೂ ವಾರಸುದಾರನಿಲ್ಲದ ಸಂದೇಶವೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಠಾಣೆ ಮೊದಲು ಬರುತ್ತದೆ, ಮೊಬೈಲ್ ಆಮೇಲೆ.

ಮೊದಲ ಅರ್ಧ ಗಂಟೆ

ಕಾಣೆಯಾದವರ ಬಗ್ಗೆ ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ಮಾತು ಊರೆಲ್ಲ ಹಬ್ಬಿದೆ. ಅಂಥ ನಿಯಮ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಹದಿನೆಂಟು ವರ್ಷ ತುಂಬದ ಮಗು ಎಲ್ಲಿದೆ ಎಂದು ತಂದೆ ತಾಯಿಗೋ ಪೋಷಕರಿಗೋ ತಿಳಿಯದಾದ ಹೊತ್ತಿನಿಂದಲೇ ಅದು ಕಾಣೆಯಾದ ಮಗು. ಮುನಿಸಿಕೊಂಡು ಹೋಗಿದೆಯೋ, ದಾರಿ ತಪ್ಪಿದೆಯೋ, ಯಾರಾದರೂ ಕರೆದೊಯ್ದಿದ್ದಾರೋ ಎಂಬುದು ಆಮೇಲಿನ ವಿಚಾರ.

ಮನೆಯಲ್ಲಿ ಇರುವವರು ಕೂಡಲೇ ಎರಡು ಪಾಲಾಗಬೇಕು. ಒಬ್ಬರು ಪೊಲೀಸ್ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ಠಾಣೆಯತ್ತ ಹೊರಡಬೇಕು, ಉಳಿದವರು ಹುಡುಕಬೇಕು. ಹುಡುಕುವಾಗ ನೀರಿನಿಂದ ಶುರುಮಾಡಿ: ನೆಲದೊಳಗಿನ ಸಂಪು, ಬಾವಿ, ಹೊಲದಲ್ಲಿದ್ದರೆ ಕೃಷಿ ಹೊಂಡ, ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅಲ್ಲಿನ ಗುಂಡಿ. ಚಿಕ್ಕ ಮಕ್ಕಳ ವಿಷಯದಲ್ಲಿ ನಿಮಿಷ ನಿಮಿಷವೂ ಲೆಕ್ಕಕ್ಕೆ ಬರುವುದು ಇಲ್ಲಿಯೇ. ಅನಂತರ ನಿಲ್ಲಿಸಿದ ಕಾರಿನ ಒಳಗು ಮತ್ತು ಡಿಕ್ಕಿ, ಮಾಳಿಗೆ, ಮಂಚದಡಿ, ಅಟ್ಟ. ಸಂಬಂಧಿಕರ ಮನೆ, ಟ್ಯೂಷನ್, ಆಟದ ಬಯಲು, ಹತ್ತಿರದ ದೇವಸ್ಥಾನ, ಮಗುವಿನ ಗೆಳೆಯರ ಮನೆಗಳನ್ನು ಫೋನಿನಲ್ಲಿ ವಿಚಾರಿಸಬಹುದು. ಹುಡುಕಿ ಸಿಗದಿದ್ದರೆ ಪೊಲೀಸರಿಗೆ ಹೇಳೋಣ ಎಂದು ಒಂದರ ಹಿಂದೆ ಒಂದು ಮಾಡಬೇಡಿ. ಎರಡೂ ಒಟ್ಟಿಗೇ ನಡೆಯಲಿ. ಮಗು ಅಟ್ಟದಲ್ಲಿ ಮಲಗಿದ್ದು ಸಿಕ್ಕರೆ ಠಾಣೆಗೆ ಮತ್ತೊಂದು ಕರೆ ಮಾಡಿ ತಿಳಿಸಿದರಾಯಿತು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಕ್ಕಳ ಸಹಾಯವಾಣಿ 1098 ಎರಡನೆಯ ಕರೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಉಚಿತ ಸಂಖ್ಯೆ ಈಗ ಮಿಷನ್ ವಾತ್ಸಲ್ಯ ಎಂಬ ಮಕ್ಕಳ ರಕ್ಷಣಾ ಯೋಜನೆಯ ಅಡಿಯಲ್ಲಿ ಸರ್ಕಾರದ ಕೈಯಲ್ಲಿದೆ, 112ರೊಂದಿಗೆ ಜೋಡಣೆಯೂ ಆಗಿದೆ. ಠಾಣೆಯವರು ಉದಾಸೀನ ತೋರಿದರೆ ಒತ್ತಡ ತರಲೂ, ಮಗು ಬೇರೆ ಜಿಲ್ಲೆಯಲ್ಲಿ ಸಿಕ್ಕರೆ ಅಲ್ಲಿನವರನ್ನು ತಲುಪಲೂ ಈ ಕರೆ ನೆರವಾಗುತ್ತದೆ. ಮಗು ರೈಲು ಹತ್ತಿರಬಹುದೆಂಬ ಅನುಮಾನವಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೂ ತಿಳಿಸಿ. ರೈಲು ಹೊರಟ ಸಮಯ ಗೊತ್ತಿದ್ದರೆ ಮುಂದಿನ ನಿಲ್ದಾಣದಲ್ಲೇ ರೈಲ್ವೆ ರಕ್ಷಣಾ ಪಡೆಯವರು ಬೋಗಿಗಳನ್ನು ನೋಡಲು ಸಾಧ್ಯ.

ಠಾಣೆಯಲ್ಲಿ ಕೇಳಿ ಪಡೆಯಬೇಕಾದದ್ದು

ಇಡೀ ವ್ಯವಸ್ಥೆಯ ಬೇರು ಇರುವುದು ಎಫ್‌ಐಆರ್‌ನಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬಚಪನ್ ಬಚಾವೋ ಆಂದೋಲನ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ, ಮಗು ಕಾಣೆಯಾದ ಪ್ರತಿಯೊಂದು ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಲೇಬೇಕು, ಮತ್ತು ಬೇರೆ ಕಾರಣ ಸಾಬೀತಾಗುವ ತನಕ ಅದನ್ನು ಅಪಹರಣ ಅಥವಾ ಸಾಗಾಟ ಎಂದೇ ಭಾವಿಸಿ ತನಿಖೆ ನಡೆಸಬೇಕು. ದೊಡ್ಡವರು ಕಾಣೆಯಾದಾಗ ಬರೆದುಕೊಳ್ಳುವಂತೆ ಒಂದು ಡೈರಿ ನಮೂದು ಮಾಡಿ ಹಿಂಬರಹ ಕೊಟ್ಟು ಕಳಿಸುವುದು ಮಕ್ಕಳ ವಿಷಯದಲ್ಲಿ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಲ್ಲಿ ಪೋಷಕರ ಸುಪರ್ದಿಯಿಂದ ಮಗುವನ್ನು ಒಯ್ಯುವ ಅಪರಾಧ ಬರುತ್ತದೆ; ಹಳೆಯ ದಂಡ ಸಂಹಿತೆಯಲ್ಲಿ ಗಂಡು ಮಕ್ಕಳಿಗೆ 16, ಹೆಣ್ಣು ಮಕ್ಕಳಿಗೆ 18 ಎಂದಿದ್ದ ವಯಸ್ಸಿನ ಭೇದ ಈಗ ಇಲ್ಲ.

‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ, ಆ ಠಾಣೆಗೆ ಹೋಗಿ’ ಎಂಬ ಉತ್ತರವೂ ಈಗ ನಿಲ್ಲುವಂಥದ್ದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ಮಾಹಿತಿಯನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಜನ ಇದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದೂ ಅದೇ ಕಲಮು ಹೇಳುತ್ತದೆ. ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ವಾಗ್ವಾದಕ್ಕಿಂತ ಹೆಚ್ಚು ಕೆಲಸ ಮಾಡುವುದು ಮತ್ತೊಂದು ಪ್ರಶ್ನೆ: ‘ಈ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು?’ ಬಾಲನ್ಯಾಯ ಕಾಯ್ದೆಯಂತೆ ಪ್ರತಿ ಠಾಣೆಯಲ್ಲೂ ಕನಿಷ್ಠ ಎಎಸ್‌ಐ ದರ್ಜೆಯ ಒಬ್ಬರನ್ನು ಈ ಕೆಲಸಕ್ಕೆ ನೇಮಿಸಿರಬೇಕು, ಜಿಲ್ಲೆಗೊಂದು ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು. ಹುದ್ದೆಯ ಹೆಸರು ಹಿಡಿದು ಕೇಳಿದವರಿಗೆ ಸಿಗುವ ಉತ್ತರದ ಧಾಟಿಯೇ ಬೇರೆ.

ಹದಿನಾರು ಹದಿನೇಳರ ಹುಡುಗಿಯರು ಕಾಣೆಯಾದಾಗ ಈ ಹಂತದಲ್ಲೇ ಪ್ರಕರಣ ಹಳಿ ತಪ್ಪುವುದು ಹೆಚ್ಚು. ‘ಯಾರ ಜೊತೆಗೋ ಹೋಗಿರಬೇಕು, ಎರಡು ದಿನ ನೋಡಿ’ ಎಂದು ಹೊರಗಿನವರು ಹೇಳುತ್ತಾರೆ, ಮರ್ಯಾದೆಗೆ ಅಂಜಿ ಮನೆಯವರೇ ಬಾಯಿ ಬಿಡುವುದಿಲ್ಲ. ಹುಡುಗಿ ತಾನಾಗಿಯೇ ಹೋಗಿದ್ದರೂ ಅವಳು ಕಾನೂನಿನ ಮಟ್ಟಿಗೆ ಮಗುವೇ. ಪ್ರೀತಿಯ ಮಾತಿನಿಂದ, ಕೆಲಸ ಕೊಡಿಸುವ ಆಸೆಯಿಂದ ಮನೆ ಬಿಡಿಸಿ ಬೇರೆ ರಾಜ್ಯಕ್ಕೆ ಸಾಗಿಸುವವರು ನೆಚ್ಚಿಕೊಂಡಿರುವುದು ಈ ಎರಡು ದಿನಗಳನ್ನೇ. ಪ್ರಕಟಣೆಯಲ್ಲಿ ಹೆಸರು ಬರುವುದು ಬೇಡವೆಂದು ಮನೆಯವರಿಗೆ ಅನ್ನಿಸಿದರೆ ಅದನ್ನು ತನಿಖಾಧಿಕಾರಿಗೆ ಹೇಳಿ ಪ್ರಚಾರದ ವ್ಯಾಪ್ತಿಯ ಬಗ್ಗೆ ಮಾತನಾಡಬಹುದು. ದೂರನ್ನೇ ಕೊಡದೆ ಇರುವುದು ಅದಕ್ಕೆ ಪರಿಹಾರವಲ್ಲ.

ಠಾಣೆಗೆ ಹೋಗುವಾಗ ಮಗುವಿನ ಇತ್ತೀಚಿನ ಎರಡು ಫೋಟೊ ಬೇಕು, ಒಂದು ಮುಖ ಸ್ಪಷ್ಟವಾಗಿರುವುದು, ಇನ್ನೊಂದು ನಿಂತಿರುವುದು. ಮೂರು ವರ್ಷ ಹಿಂದಿನ ಹುಟ್ಟುಹಬ್ಬದ ಫೋಟೊ, ಮೊಬೈಲಿನ ಬ್ಯೂಟಿ ಫಿಲ್ಟರ್ ಹಾಕಿದ ಸೆಲ್ಫಿ ಹುಡುಕುವವರ ಕಣ್ಣು ತಪ್ಪಿಸುತ್ತವೆ. ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ವಯಸ್ಸಿನ ದಾಖಲೆ, ಆಧಾರ್ ಸಂಖ್ಯೆ, ತೊಟ್ಟಿದ್ದ ಬಟ್ಟೆಯ ವಿವರ, ಮಗುವಿನ ಬಳಿ ಫೋನ್ ಇದ್ದರೆ ಅದರ ನಂಬರ್ ಮತ್ತು ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಇನ್‌ಸ್ಟಾಗ್ರಾಂ ಹಾಗೂ ಆನ್‌ಲೈನ್ ಆಟದ ಖಾತೆಗಳ ಹೆಸರು ಬರೆದುಕೊಳ್ಳಿ. ಮನೆಯಲ್ಲಿ ಬಿಟ್ಟುಹೋದ ಫೋನ್ ಅಥವಾ ಟ್ಯಾಬ್ ಸಿಕ್ಕರೆ ಪಾಸ್‌ವರ್ಡ್ ಊಹಿಸಲು ಹೋಗಿ ಲಾಕ್ ಮಾಡಿಕೊಳ್ಳಬೇಡಿ, ಹಾಗೆಯೇ ಪೊಲೀಸರಿಗೆ ಕೊಡಿ. ಬೀದಿಯ ಅಂಗಡಿ, ಎಟಿಎಂ, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಪೊಲೀಸರು ಬರುವ ತನಕ ಆ ದಿನದ ರೆಕಾರ್ಡಿಂಗ್ ಕಾಪಾಡಿಡಿ ಎಂದು ಅಂಗಡಿಯವರಿಗೆ ಹೇಳಿಬರುವುದು ನೆರೆಯವರು ಮಾಡಬಹುದಾದ ದೊಡ್ಡ ಉಪಕಾರ.

ಠಾಣೆಯಿಂದ ಪ್ರಕಟಣೆ ಹೊರಡುವ ದಾರಿ

ಎಫ್‌ಐಆರ್ ಆದ ಮೇಲೆ ಪೊಲೀಸರು ಏನು ಮಾಡಬೇಕು ಎಂಬುದನ್ನು ಕೇಂದ್ರ ಸರ್ಕಾರದ 2016ರ ಬಾಲನ್ಯಾಯ ಮಾದರಿ ನಿಯಮಗಳ 92ನೇ ನಿಯಮ ಬಿಡಿಸಿ ಹೇಳುತ್ತದೆ. ಮಗುವಿನ ಫೋಟೊ ಮತ್ತು ಚಹರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಅಪರಾಧ ದಾಖಲಾತಿ ವಿಭಾಗಗಳಿಗೆ, ಮಾಧ್ಯಮಗಳಿಗೆ ಹೋಗಬೇಕು. ಪತ್ರಿಕೆ, ಟಿವಿ, ಸ್ಥಳೀಯ ಕೇಬಲ್, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಕೊಡಬೇಕು. ಪ್ರಕಟಣೆಯ ಪ್ರತಿಗಳು ಊರಿನಿಂದ ಹೊರಹೋಗುವ ದಾರಿಗಳಿಗೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಿಗೆ ತಲುಪಬೇಕು. ಪ್ರಚಾರ ಮೊದಲು ಸ್ಥಳೀಯವಾಗಿ, ಸಂದರ್ಭ ನೋಡಿಕೊಂಡು ಆಮೇಲೆ ಜಿಲ್ಲೆ, ರಾಜ್ಯ, ದೇಶದ ಮಟ್ಟಕ್ಕೆ ಹರಡಬೇಕು ಎಂಬ ತಿಳಿವಳಿಕೆಯೂ ಇದರೊಳಗಿದೆ. ಈ ಪಟ್ಟಿ ಗೊತ್ತಿರುವ ಪೋಷಕರು ‘ಏನಾದರೂ ಮಾಡಿ ಸ್ವಾಮಿ’ ಎಂದು ಬೇಡುವ ಬದಲು ‘ಬಸ್ ನಿಲ್ದಾಣಕ್ಕೆ ಪ್ರಕಟಣೆ ಹೋಯಿತೇ, ಪೋರ್ಟಲ್‌ಗೆ ವಿವರ ಏರಿತೇ’ ಎಂದು ಕೇಳಬಲ್ಲರು.

ಪೋರ್ಟಲ್ ವಿಚಾರ ಹಲವರಿಗೆ ತಿಳಿದಿಲ್ಲ. ಪೊಲೀಸರು ಮತ್ತು ಮಕ್ಕಳ ಪಾಲನಾ ಸಂಸ್ಥೆಗಳು ಬಳಸುವ ಟ್ರ್ಯಾಕ್ ಚೈಲ್ಡ್ ಒಂದು ಕಡೆ ಇತ್ತು, ಸಾರ್ವಜನಿಕರು ತಾವೇ ಮಾಹಿತಿ ಹಾಕಬಹುದಾದ ಖೋಯಾ-ಪಾಯಾ 2015ರಲ್ಲಿ ಬಂತು. ಈಗ ಇವುಗಳ ಕೆಲಸ ಮಿಷನ್ ವಾತ್ಸಲ್ಯ ಪೋರ್ಟಲ್‌ನಲ್ಲಿ ನಡೆಯುತ್ತದೆ. ಇದರ ಶಕ್ತಿ ಇರುವುದು ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ನೋಡುವುದರಲ್ಲಿ. ರಾಯಚೂರಿನಲ್ಲಿ ರೈಲು ಹತ್ತಿದ ಏಳು ವರ್ಷದ ಹುಡುಗ ಮುಂಬೈಯಲ್ಲಿ ಇಳಿದ ಎಂದುಕೊಳ್ಳಿ. ಅವನಿಗೆ ಗೊತ್ತಿರುವುದು ತನ್ನ ಕರೆಯುವ ಹೆಸರು, ಅಪ್ಪನ ಹೆಸರು, ಊರಿನ ಹನುಮಪ್ಪನ ಗುಡಿ. ಅಲ್ಲಿನವರಿಗೆ ಅವನ ಕನ್ನಡ ತಿಳಿಯದು. ಅಲ್ಲಿನ ಬಾಲಮಂದಿರ ‘ಸಿಕ್ಕ ಮಗು’ ಎಂದು ಫೋಟೊ ಸಹಿತ ವಿವರ ಏರಿಸಿದಾಗ, ಇಲ್ಲಿನ ಠಾಣೆ ‘ಕಾಣೆಯಾದ ಮಗು’ ಎಂದು ಏರಿಸಿದ್ದರೆ ಮಾತ್ರ ಎರಡೂ ಕೂಡಿಬರುತ್ತವೆ. ಊರಿನ ಗ್ರೂಪುಗಳಲ್ಲಿ ಸಾವಿರ ಬಾರಿ ಹರಿದ ಫೋಟೊ ಮುಂಬೈಯ ಆ ಬಾಲಮಂದಿರದ ಗುಮಾಸ್ತರ ಕಂಪ್ಯೂಟರಿಗೆ ಹೋಗುವುದಿಲ್ಲ.

ಆಧಾರ್ ಕೂಡ ಇಂಥ ಕಡೆ ಉಪಯೋಗಕ್ಕೆ ಬಂದಿದೆ. ಬಾಲಮಂದಿರಗಳಲ್ಲಿ ಹೊಸದಾಗಿ ನೋಂದಣಿ ಮಾಡಿಸಲು ಹೋದಾಗ ಬೆರಳಚ್ಚು ಈಗಾಗಲೇ ಬೇರೊಂದು ವಿಳಾಸದಲ್ಲಿ ದಾಖಲಾಗಿರುವುದು ಕಂಡುಬಂದು ಮನೆ ಪತ್ತೆಯಾದ ಪ್ರಕರಣಗಳಿವೆ. ಐದು ವರ್ಷದೊಳಗಿನವರ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲವಾದ್ದರಿಂದ ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಮತ್ತೊಮ್ಮೆ ಬಯೊಮೆಟ್ರಿಕ್ ಅಪ್‌ಡೇಟ್ ಮಾಡಿಸುವುದನ್ನು ಮುಂದೂಡಬೇಡಿ. ನಾಲ್ಕು ತಿಂಗಳಾದರೂ ಮಗು ಪತ್ತೆಯಾಗದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕು. ಆ ದಿನಾಂಕವನ್ನು ಗುರುತು ಹಾಕಿಕೊಂಡು ಬರಹದಲ್ಲಿ ಕೇಳಿ.

ಅಮೆರಿಕದ ಅಂಬರ್ ಅಲರ್ಟ್ ಮತ್ತು ಅದರ ಬಿಗಿ

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರು ನಡುರಾತ್ರಿ ಮನೆಯ ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಂಡದ್ದನ್ನು ಗಾಬರಿಯಿಂದ ಹೇಳುವುದುಂಟು. ಅದು ಅಪಹರಣವಾದ ಮಗುವನ್ನು ಹುಡುಕಲು ಜನರಿಗೆ ಕಳಿಸುವ ಅಂಬರ್ ಅಲರ್ಟ್. 1996ರ ಜನವರಿ 13ರಂದು ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದ ಅಂಬರ್ ಎಂಬ ಒಂಬತ್ತು ವರ್ಷದ ಹುಡುಗಿಯನ್ನು ಒಬ್ಬ ಕಪ್ಪು ಪಿಕಪ್ ಟ್ರಕ್ಕಿನಲ್ಲಿ ಎತ್ತಿಕೊಂಡು ಹೋದ. ನೆರೆಯವರೊಬ್ಬರು ಕಣ್ಣಾರೆ ನೋಡಿ ಪೊಲೀಸರಿಗೆ ಹೇಳಿದರು. ಟ್ರಕ್ಕಿನ ವಿವರ ಪೊಲೀಸರ ಕೈಯಲ್ಲಿತ್ತು, ಆದರೆ ಆ ಹೊತ್ತಿಗೆ ರಸ್ತೆಯ ಮೇಲಿದ್ದ ಸಾವಿರಾರು ಚಾಲಕರಿಗೆ ಅದನ್ನು ತಿಳಿಸುವ ದಾರಿಯೇ ಇರಲಿಲ್ಲ. ನಾಲ್ಕು ದಿನದ ಮೇಲೆ ಹುಡುಗಿಯ ಶವ ಸಿಕ್ಕಿತು. ಚಂಡಮಾರುತ ಬಂದರೆ ರೇಡಿಯೊದಲ್ಲಿ ಎಚ್ಚರಿಕೆ ಕೊಡುವವರು ಮಗುವಿಗಾಗಿ ಏಕೆ ಕೊಡಬಾರದು ಎಂಬ ಪ್ರಶ್ನೆ ಎದ್ದು, ಡಲ್ಲಾಸ್ ಸುತ್ತಲಿನ ರೇಡಿಯೊ ಕೇಂದ್ರಗಳೂ ಪೊಲೀಸರೂ ಸೇರಿ ಕಟ್ಟಿದ ವ್ಯವಸ್ಥೆಗೆ ಆಕೆಯ ಹೆಸರೇ ನಿಂತಿತು. 2003ರ ಕಾನೂನು ಅದಕ್ಕೆ ದೇಶದ ಮಟ್ಟದ ಸಂಯೋಜನೆ ತಂದಿತು, 2013ರಿಂದ ಸಂದೇಶ ನೇರ ಮೊಬೈಲುಗಳಿಗೆ ಬರತೊಡಗಿತು.

ಈ ವ್ಯವಸ್ಥೆಯಲ್ಲಿ ನಾವು ಗಮನಿಸಬೇಕಾದದ್ದು ಅದರ ಸದ್ದನ್ನಲ್ಲ, ಬಿಗಿಯನ್ನು. ಮಗುವನ್ನು ಅಪಹರಿಸಲಾಗಿದೆ ಎಂದು ಪೊಲೀಸರಿಗೆ ಆಧಾರಸಹಿತ ನಂಬಿಕೆ ಇರಬೇಕು. ಮಗುವಿನ ಜೀವಕ್ಕೋ ದೇಹಕ್ಕೋ ಸನಿಹದ ಅಪಾಯವಿರಬೇಕು. ಜನ ಗುರುತಿಸಲು ಬೇಕಾಗುವಷ್ಟು ವಿವರ, ಅಂದರೆ ವಾಹನದ ಬಣ್ಣ, ನಂಬರ್ ಪ್ಲೇಟ್, ಶಂಕಿತನ ಚಹರೆ, ಕೈಯಲ್ಲಿರಬೇಕು. ವಯಸ್ಸು 17 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮಗುವಿನ ವಿವರ ರಾಷ್ಟ್ರೀಯ ಅಪರಾಧ ದತ್ತಾಂಶದಲ್ಲಿ ಸೇರಿರಬೇಕು. ಅಮೆರಿಕದ ನ್ಯಾಯ ಇಲಾಖೆ ಶಿಫಾರಸು ಮಾಡಿರುವ ಈ ಷರತ್ತುಗಳಿಂದಾಗಿ ಅಲ್ಲಿ ಕಾಣೆಯಾಗುವ ಮಕ್ಕಳಲ್ಲಿ ಬಹುಪಾಲಿನವರಿಗೆ ಅಂಬರ್ ಅಲರ್ಟ್ ಹೊರಡುವುದೇ ಇಲ್ಲ. ಮನೆ ಬಿಟ್ಟುಹೋದವರನ್ನು ಬೇರೆ ಮಾರ್ಗದಲ್ಲಿ ಹುಡುಕುತ್ತಾರೆ. ಇದು ಕಠೋರವೆನ್ನಿಸಬಹುದು. ಆದರೆ ದಿನಕ್ಕೆ ಹತ್ತು ಬಾರಿ ಕಿರುಚುವ ಫೋನನ್ನು ಯಾರೂ ಎತ್ತಿ ನೋಡುವುದಿಲ್ಲ. ವೇಗಕ್ಕೂ ಕಾರಣವಿದೆ: ಅಪಹರಿಸಿ ಕೊಲ್ಲಲಾದ ಮಕ್ಕಳ ಪ್ರಕರಣಗಳನ್ನು ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಅಧ್ಯಯನ ಮಾಡಿದಾಗ, ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಕೊಲೆ ನಡೆದದ್ದು ಮೊದಲ ಮೂರು ಗಂಟೆಯೊಳಗೆ ಎಂದು ಕಂಡುಬಂತು.

ಫೋನಿಗೆ ಬರುವ ಈ ಸಂದೇಶ ಎಸ್‌ಎಂಎಸ್ ಅಲ್ಲ. ಸೆಲ್ ಬ್ರಾಡ್‌ಕಾಸ್ಟ್ ಎಂಬ ತಂತ್ರದಲ್ಲಿ ಆಯ್ದ ಪ್ರದೇಶದ ಮೊಬೈಲ್ ಟವರುಗಳು, ಆಕಾಶವಾಣಿ ವಾರ್ತೆ ಬಿತ್ತರಿಸಿದ ಹಾಗೆ, ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಸಂದೇಶ ಬಿಡುತ್ತವೆ. ಯಾರ ನಂಬರೂ ಬೇಕಿಲ್ಲ, ಯಾರು ಎಲ್ಲಿದ್ದಾರೆಂದು ದಾಖಲಾಗುವುದೂ ಇಲ್ಲ. ಅಮೆರಿಕದಲ್ಲಿ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಇದನ್ನು ನಿಲ್ಲಿಸಬಹುದು, ಕೆನಡಾದಲ್ಲಿ ನಿಲ್ಲಿಸಲಾಗದು. ಅಲ್ಲಿರುವ ಕನ್ನಡಿಗರು ಸಂದೇಶ ಬಂದಾಗ ಮಾಡಬೇಕಾದದ್ದು ಇಷ್ಟೇ: ವಾಹನದ ನಂಬರ್ ಓದಿಕೊಂಡು ಸುತ್ತ ಕಣ್ಣು ಹಾಯಿಸುವುದು, ಕಂಡರೆ 911ಕ್ಕೆ ಕರೆ ಮಾಡುವುದು, ತಾವೇ ಬೆನ್ನಟ್ಟದಿರುವುದು. ಇಂಥ ಅಲರ್ಟುಗಳಲ್ಲಿ ಬೇರೆಯಾದ ತಂದೆಯೋ ತಾಯಿಯೋ ಮಗುವನ್ನು ಒಯ್ದ ಪ್ರಕರಣಗಳು ಸಾಕಷ್ಟಿವೆ. ಮಗುವನ್ನು ಭಾರತಕ್ಕೆ ಕರೆತಂದುಬಿಟ್ಟರೆ ಬಿಕ್ಕಟ್ಟು ಇನ್ನೂ ಉದ್ದವಾಗುತ್ತದೆ, ಏಕೆಂದರೆ ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯೇ, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೋರುವ ಅರ್ಜಿಯೇ, ದಾರಿಯಾಗುತ್ತದೆ.

2023ರಲ್ಲಿ ದೂರಸಂಪರ್ಕ ಇಲಾಖೆ ಪರೀಕ್ಷೆಗೆಂದು ಕಳಿಸಿದ, ಫೋನ್ ಗಟ್ಟಿಯಾಗಿ ಬೀಪ್ ಎನ್ನುತ್ತಾ ನಡುಗಿದ ಸಂದೇಶ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೂ ಇದೇ ತಂತ್ರ. ನಮ್ಮಲ್ಲಿ ಅದನ್ನು ಸಿದ್ಧಪಡಿಸಿರುವುದು ಪ್ರಕೃತಿ ವಿಕೋಪದ ಎಚ್ಚರಿಕೆಗಾಗಿ. ಕಾಣೆಯಾದ ಮಕ್ಕಳಿಗಾಗಿ ಫೋನುಗಳನ್ನು ಎಬ್ಬಿಸುವ ರೂಢಿ ಬಂದಿಲ್ಲ. ಮುಂದೆ ಬರುವುದಾದರೆ ಅಂಬರ್ ಅಲರ್ಟಿನ ಷರತ್ತುಗಳ ಜೊತೆಗೇ ಬರಲಿ ಎಂಬುದು ನನ್ನ ಅಭಿಪ್ರಾಯ.

ಪ್ರಕಟಣೆ ಬರೆಯುವ ಕ್ರಮ

ಎಫ್‌ಐಆರ್ ಸಂಖ್ಯೆ ಕೈಗೆ ಬಂದ ಮೇಲೆ ತನಿಖಾಧಿಕಾರಿಗೆ ತಿಳಿಸಿ ಮನೆಯವರು ತಾವೂ ಪ್ರಕಟಣೆ ಹಂಚಬಹುದು. ಠಾಣೆಗಳ ಪತ್ರಿಕಾ ಪ್ರಕಟಣೆಯ ಭಾಷೆ ಒಣಗಿದ್ದರೂ ಅದರ ಅಚ್ಚುಕಟ್ಟು ಕಲಿಯಬೇಕಾದದ್ದು. ಒಂದು ಕಾಲ್ಪನಿಕ ಮಾದರಿ ಹೀಗಿರುತ್ತದೆ:

‘ಕಾಣೆಯಾಗಿದ್ದಾನೆ. 9 ವರ್ಷದ ಬಾಲಕ. ಎತ್ತರ ಸುಮಾರು 4 ಅಡಿ 2 ಅಂಗುಲ, ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ, ಕೋಲು ಮುಖ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಕಡು ನೀಲಿ ಚಡ್ಡಿ, ಬಿಳಿ ಅಂಗಿ, ಕಪ್ಪು ಚಪ್ಪಲಿ ಧರಿಸಿದ್ದ. ಕನ್ನಡ, ತೆಲುಗು ಮಾತನಾಡುತ್ತಾನೆ. ಕೊನೆಯದಾಗಿ ಕಂಡದ್ದು ಇಂಥ ವರ್ಷದ ಜೂನ್ 14ರ ಸಂಜೆ 4.40ಕ್ಕೆ, ಬಸ್ ನಿಲ್ದಾಣದ ಹಿಂದಿನ ಗೇಟಿನ ಬಳಿ. ಸುಳಿವು ಸಿಕ್ಕಲ್ಲಿ 112ಕ್ಕೆ ಅಥವಾ ಇಂಥ ಠಾಣೆಗೆ ತಿಳಿಸಿ. ಎಫ್‌ಐಆರ್ ಸಂಖ್ಯೆ ಇಂತಿಷ್ಟು.’

ದಿನಾಂಕದ ಜೊತೆ ವರ್ಷ ಇರಲೇಬೇಕು. ‘ನಿನ್ನೆ ಸಂಜೆಯಿಂದ ಕಾಣೆಯಾಗಿದ್ದಾನೆ’ ಎಂದು ಬರೆದ ಸಂದೇಶಗಳು ಮಗು ಮನೆಗೆ ಮರಳಿ, ದೊಡ್ಡದಾಗಿ, ಹೈಸ್ಕೂಲು ಸೇರಿದ ಮೇಲೂ ತಿರುಗುತ್ತಲೇ ಇರುತ್ತವೆ. ತಾಯಿಯ ಸ್ವಂತ ನಂಬರಿನ ಬದಲು ಠಾಣೆಯ ನಂಬರ್ ಹಾಕಿ, ಏಕೆಂದರೆ ಇಂಥ ಪ್ರಕಟಣೆ ನೋಡಿ ‘ಮಗು ನಮ್ಮ ಬಳಿ ಇದೆ, ಮೊದಲು ಇಷ್ಟು ಹಣ ಹಾಕಿ’ ಎಂದು ಬೆದರಿಸುವ ವಂಚಕರಿದ್ದಾರೆ. ಅಂಥ ಕರೆ ಬಂದರೆ ಹಣ ಹಾಕದೆ, ನಂಬರ್ ಬರೆದುಕೊಂಡು ತನಿಖಾಧಿಕಾರಿಗೆ ತಿಳಿಸಬೇಕು. ಮನೆಯ ಪೂರ್ತಿ ವಿಳಾಸ, ಅಪ್ಪನ ವ್ಯಾಪಾರ, ಬಹುಮಾನದ ಮೊತ್ತ ಬೇಡ. ಚಹರೆಯಲ್ಲಿ ಒಂದು ಗುರುತನ್ನು, ಹೊಟ್ಟೆಯ ಮೇಲಿನ ಮಚ್ಚೆಯೋ ಮನೆಯವರು ಮಾತ್ರ ಕರೆಯುವ ಮುದ್ದಿನ ಹೆಸರೋ, ಹೊರಗೆ ಬಿಡದೆ ಪೊಲೀಸರ ಬಳಿ ಮಾತ್ರ ಇಡಿ. ಕರೆ ಮಾಡಿದವರು ನಿಜಕ್ಕೂ ಮಗುವನ್ನು ನೋಡಿದ್ದಾರೆಯೇ ಎಂದು ಪರೀಕ್ಷಿಸಲು ಅದೇ ಒರೆಗಲ್ಲು.

ನಿಮ್ಮ ಫೋನಿಗೆ ಇಂಥ ಸಂದೇಶ ಬಂದಾಗ

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ಕರ್ನಾಟಕದಲ್ಲಿ ಹರಡಿದ್ದು, ಜೊತೆಗೆ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ತಿರುಗಿದ್ದು ನೆನಪಿಸಿಕೊಳ್ಳಬೇಕು. ಆ ವಿಡಿಯೊ ಮೂಲದಲ್ಲಿ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿಸಿದ್ದು. ಮಗುವನ್ನು ಹಿಂದಕ್ಕೆ ತಂದು ಬಿಟ್ಟು ಸಂದೇಶ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಯಾರೋ ಹರಿಯಬಿಟ್ಟಿದ್ದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಅನುಮಾನದಿಂದ ಹೈದರಾಬಾದಿನಿಂದ ಬಂದಿದ್ದವರ ಕಾರನ್ನು ಅಡ್ಡಗಟ್ಟಿ ಒಬ್ಬ ಎಂಜಿನಿಯರನ್ನು ಕೊಂದರು. ಅದೇ ತಿಂಗಳು ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು.

ಆ ಸಂದೇಶಗಳಲ್ಲಿ ನಿರ್ದಿಷ್ಟ ಮಗುವಿನ ವಿವರವಾಗಲಿ, ಠಾಣೆಯ ಹೆಸರಾಗಲಿ, ದಿನಾಂಕವಾಗಲಿ ಇರಲಿಲ್ಲ. ಇದ್ದದ್ದು ಭಯ ಮಾತ್ರ. ಹಾಗಾಗಿ ಸಂದೇಶ ಬಂದಾಗ ಮೊದಲು ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ವರ್ಷ ಇದೆಯೇ ನೋಡಿ. ಇದ್ದರೆ ಸಂದೇಶದಲ್ಲಿರುವ ನಂಬರಿಗಲ್ಲ, 112ಕ್ಕೋ ಇಲಾಖೆಯ ಅಧಿಕೃತ ನಂಬರಿಗೋ ಕರೆ ಮಾಡಿ ವಿಚಾರಿಸಿ, ಇಲ್ಲವೇ ಜಿಲ್ಲಾ ಪೊಲೀಸರ ಅಧಿಕೃತ ಖಾತೆಯಲ್ಲಿ ಅದೇ ಪ್ರಕಟಣೆ ಇದೆಯೇ ಹುಡುಕಿ. ಇದ್ದರೆ ಅಲ್ಲಿಂದಲೇ ಹಂಚಿ. ಮಗು ಕಡೆಯದಾಗಿ ಕಂಡ ಊರಿನ ಸುತ್ತಲಿನವರಿಗೆ ಹೋದರೆ ಅದರಿಂದ ಪ್ರಯೋಜನವಿದೆ. ಕೊಳ್ಳೇಗಾಲದಲ್ಲಿ ಎರಡು ಗಂಟೆ ಹಿಂದೆ ಕಾಣೆಯಾದ ಮಗುವಿನ ಸುದ್ದಿ ಕಾರವಾರದ ಅಪಾರ್ಟ್‌ಮೆಂಟ್ ಗ್ರೂಪಿಗೆ ಬೇಕಿಲ್ಲ. ಅನುಮಾನ ಬಂದ ಮನುಷ್ಯನ ಫೋಟೊ ತೆಗೆದು ‘ಇವನೇ ಕಳ್ಳ’ ಎಂದು ಹಾಕುವುದು ಎಂದಿಗೂ ಬೇಡ.

ಮಗುವೇ ನಿಮಗೆ ಸಿಕ್ಕಾಗ

ಒಬ್ಬಂಟಿಯಾಗಿ ಅಳುತ್ತಿರುವ ಮಗು ಕಂಡರೆ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಿ. ಹೆತ್ತವರು ಹುಡುಕುತ್ತಾ ಅದೇ ಜಾಗಕ್ಕೆ ಬರುವ ಸಂಭವ ಹೆಚ್ಚು. ಜೊತೆಗೆ ಇನ್ನೊಬ್ಬರನ್ನು, ಸಾಧ್ಯವಾದರೆ ಒಬ್ಬ ಹೆಂಗಸನ್ನು, ನಿಲ್ಲಿಸಿಕೊಂಡು 1098 ಅಥವಾ 112ಕ್ಕೆ ಕರೆ ಮಾಡಿ. ಕರುಣೆಯಿಂದಲೇ ಆದರೂ ಮನೆಗೆ ಕರೆದೊಯ್ದು ಇಟ್ಟುಕೊಳ್ಳುವಂತಿಲ್ಲ: ಬಾಲನ್ಯಾಯ ಕಾಯ್ದೆಯ 32ನೇ ಕಲಮಿನಂತೆ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ ಸಹಾಯವಾಣಿಗೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ.

ಜಾತ್ರೆ, ತೇರು, ದಸರಾ ಮೆರವಣಿಗೆಗಳಲ್ಲಿ ಮೈಕಿನಲ್ಲಿ ಕೂಗುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ, ಒಳ್ಳೆಯದೂ ಹೌದು: ಸುದ್ದಿ ಹೋಗುವುದು ಬೇಕಾದ ಜಾಗಕ್ಕಷ್ಟೇ, ಹೊರಠಾಣೆಯವರು ಪಕ್ಕದಲ್ಲೇ ಇರುತ್ತಾರೆ. ಕೂಗುವವರಿಗೆ ಒಂದು ಮಾತು ಹೇಳಬೇಕು. ಸಿಕ್ಕ ಮಗುವಿನ ಹೆಸರು, ಅಪ್ಪನ ಹೆಸರು, ಊರು, ಅಂಗಿಯ ಬಣ್ಣ ಎಲ್ಲವನ್ನೂ ಮೈಕಿನಲ್ಲಿ ಹೇಳಿಬಿಟ್ಟರೆ ಯಾರು ಬೇಕಾದರೂ ಅಪ್ಪನಾಗಿ ಬಂದು ನಿಲ್ಲಬಹುದು. ‘ಸುಮಾರು ನಾಲ್ಕು ವರ್ಷದ ಹೆಣ್ಣು ಮಗು ಹೊರಠಾಣೆಯಲ್ಲಿದೆ’ ಎಂದಷ್ಟೇ ಕೂಗಿ, ಉಳಿದದ್ದನ್ನು ಬಂದವರ ಬಾಯಿಂದ ಹೇಳಿಸಬೇಕು.

ಪತ್ತೆಯಾದ ಮೇಲೆ

ಮಗು ಸಿಕ್ಕಿದ ಕೂಡಲೇ ಮನೆಯವರು ಠಾಣೆಗೆ ಬರಹದಲ್ಲಿ ತಿಳಿಸಿ, ಪೋರ್ಟಲ್‌ನಲ್ಲಿ ‘ಪತ್ತೆ’ ಎಂದು ಬದಲಾಗಿದೆಯೇ ಕೇಳಬೇಕು. ಪೊಲೀಸರಿಗೆ ಸಿಕ್ಕ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಅನಂತರ ಒಪ್ಪಿಸುವುದು ಕ್ರಮ, ಮಗು ಮನೆ ಬಿಡಲು ಮನೆಯೇ ಕಾರಣವಾಗಿತ್ತೇ ಎಂದು ವಿಚಾರಿಸುವ ಜಾಗ ಅದೇ ಆದ್ದರಿಂದ ಆ ವಿಳಂಬಕ್ಕೆ ಸಿಟ್ಟಾಗಬಾರದು.

ಪ್ರಕಟಣೆ ಹಾಕಿದವರೆಲ್ಲ ಅದನ್ನು ಅಳಿಸಬೇಕು, ಹಾಕಿದ ಗ್ರೂಪುಗಳಿಗೇ ‘ಮಗು ಸುರಕ್ಷಿತ, ದಯವಿಟ್ಟು ಫೋಟೊ ಅಳಿಸಿ’ ಎಂದು ಫೋಟೊ ಇಲ್ಲದ ಇನ್ನೊಂದು ಸಂದೇಶ ಕಳಿಸಬೇಕು. ಇದು ಬರೀ ಸೌಜನ್ಯದ ಮಾತಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಸಂತ್ರಸ್ತ ಅಥವಾ ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಬಹಿರಂಗ ಮಾಡುವುದನ್ನು ನಿಷೇಧಿಸುತ್ತದೆ. ಆರು ತಿಂಗಳ ತನಕ ಸೆರೆ, ಎರಡು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ ಬೀಳಬಹುದು. ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೊ ಕಾಯ್ದೆಯ ನಿರ್ಬಂಧ ಬೇರೆ. ಅಪರಿಚಿತರ ಪೇಜುಗಳಲ್ಲಿ ಉಳಿದುಬಿಟ್ಟ ಫೋಟೊ ತೆಗೆಸಲು ಆಯಾ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಸಹಿತ ದೂರು ಕಳಿಸಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಅವರು 24 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕಾಗುತ್ತದೆ. ಬಸ್ ನಿಲ್ದಾಣದಲ್ಲಿ, ಅಂಗಡಿ ಬಾಗಿಲಲ್ಲಿ ಅಂಟಿಸಿದ ಕಾಗದಗಳನ್ನು ಕಿತ್ತು ತರುವ ಕೆಲಸವನ್ನು, ಅಂಟಿಸಲು ಹೋಗಿದ್ದ ಹುಡುಗರಿಗೇ ಅದೇ ದಿನ ಒಪ್ಪಿಸಿಬಿಡಿ. ಎಲ್ಲೆಲ್ಲಿ ಅಂಟಿಸಿದ್ದೆಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.